ಎರಡು ಅಂಚು

ಹೊರಗೆ ನಲವತ್ತೇಳು ಡಿಗ್ರಿ.
ಕಾರಿನ ಬಾಗಿಲು ಮುಟ್ಟಿದರೆ ಕಾವಲಿ ಮುಟ್ಟಿದಂತೆ.
ಒಳಗೆ, ಮಾಲಿನ ಹೊಟ್ಟೆಯಲ್ಲಿ, ನಾನು
ಎರಡು ಸ್ವೆಟರಿನ ಮೇಲೆ ಮಫ್ಲರು ಸುತ್ತಿ
ಸ್ಕೇಟುಗಳಿಗೆ ಸಾಣೆ ಹಿಡಿಯುತ್ತೇನೆ.

ಅಲ್ ಐನ್. ಈ ಊರ ಹೆಸರಿಗೆ
ಒರತೆ ಅಂತಲೂ ಅರ್ಥ, ಕಣ್ಣು ಅಂತಲೂ.
ನಮ್ಮಲ್ಲೂ ಬಾವಿ ತೋಡುವವರು
ಜಲದ ಕಣ್ಣು ಸಿಕ್ಕಿತು ಅನ್ನುತ್ತಾರಲ್ಲ, ಹಾಗೆ.
ಇಲ್ಲಿ ಮಾತ್ರ ಆ ಕಣ್ಣು
ಕಂಪ್ರೆಸರಿನ ಗುರುಗುರು ಸದ್ದಿನಲ್ಲಿ
ರೆಪ್ಪೆ ಮುಚ್ಚದೆ ಹೆಪ್ಪುಗಟ್ಟಿದೆ.

ಅವನ ಹೆಸರು ಯಾರ್ಕೊ.
ಮೊದಲ ದಿನ ನನಗೆ ‘ಯಾರೋ’ ಅಂದಂತೆ ಕೇಳಿಸಿತು.
ಯಾರೋ ಬಂದಿದ್ದಾನೆ ಫಿನ್ಲೆಂಡಿನಿಂದ,
ಡಿಫೆನ್ಸು, ನಂಬರು ನಲವತ್ತನಾಲ್ಕು,
ಪಾಸ್‌ಪೋರ್ಟಿನ ಪ್ರಕಾರ ಮೂವತ್ತೊಂಬತ್ತು,
ಮೊಣಕಾಲಿನ ಪ್ರಕಾರ ಎಪ್ಪತ್ತು.
ಮುಂದಿನ ನಾಲ್ಕು ಹಲ್ಲು ಕಟ್ಟಿಸಿದ್ದು.
ಆಡುವ ಮೊದಲು ಅವನ್ನು ತೆಗೆದು ನನ್ನ ಕೈಗಿಡುತ್ತಿದ್ದ,
ಹೊಳೆಗಿಳಿಯುವವರು ಉಂಗುರ ಬಿಚ್ಚಿ ಕೊಟ್ಟಂತೆ.

ಸಾಣೆ ತಿರುಗುವಾಗ ಮಾತ್ರ ಅವನಿಗೆ ಮಾತು.
ಕಿಡಿಗಳ ನಡುವೆ ಅರ್ಧ ಕೇಳಿಸಿತು,
ಉಳಿದದ್ದು ನಾನೇ ಸೇರಿಸಿಕೊಂಡದ್ದು:
ಹದಿನಾಲ್ಕಕ್ಕೆ ಮನೆ ಬಿಟ್ಟದ್ದು,
ಒದ್ದೆ ಕೈಗವಸು ಬಸ್ಸಿನ ಹೀಟರಿಗೆ ಒಡ್ಡಿ ಏಳು ಗಂಟೆ ದಾರಿ.
ಇಪ್ಪತ್ತೆರಡಕ್ಕೆ ದೊಡ್ಡ ತಂಡ, ಹನ್ನೊಂದೇ ಪಂದ್ಯ.
ಆಮೇಲೆ ಮಾರಿದರು. ಮತ್ತೂ ಒಮ್ಮೆ ಮಾರಿದರು.
(ಬಂದರಿನವನು ನಾನು,
ಬುಟ್ಟಿ ಕಾಲಲ್ಲಿ ತಳ್ಳಿ ಕೂಗುವ ಹರಾಜು ಕಣ್ಣಿಗೆ ಬಂತು.)
ಕಜಕಸ್ತಾನದಲ್ಲಿ ಐದು ತಿಂಗಳು ಸಂಬಳವಿಲ್ಲ,
ಕೊನೆಗೆ ಸಿಕ್ಕಿದ್ದು ಒಂದು ಟಿವಿ.
ಮಗಳು ಹುಟ್ಟಿದ ರಾತ್ರಿ
ಹುಬ್ಬಿಗೆ ಹೊಲಿಗೆ ಹಾಕಿಸಿಕೊಳ್ಳುತ್ತ
ಫೋನಿನಲ್ಲಿ ನೋಡಿದ ಅವಳನ್ನು,
ಒಂದೇ ಕಣ್ಣಿಂದ.
ಗೋಲು ಎಷ್ಟು ಹೊಡೆದೆ ಅಂತ ಕೇಳಿದೆ.
ಬೆರಳು ಮಡಿಚಲು ಹೋಗಿ, ಬಿಟ್ಟ.

ನನ್ನಪ್ಪನೂ ಮಂಜುಗಡ್ಡೆಯವನೇ.
ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಕೊಕ್ಕೆ ಹಾಕಿ ಎಳೆದು
ಪುಡಿಮಾಡಿ ಬೋಟಿಗೆ ತುಂಬಿದವನು.
ಅವನ ಲೆಕ್ಕದಲ್ಲಿ ಐಸು ಇರುವುದು ಬಂಗುಡೆ ಕೆಡದಿರಲಿಕ್ಕೆ.
ಅದರ ಮೇಲೆ ಆಡಿ ಸಂಬಳ ಎಣಿಸುವವರಿದ್ದಾರೆ ಅಂದಾಗ
‘ಕುಡ್ಕಂಡ್ ಮಾತಾಡ್ತ್ಯಾ ಮಾರಾಯ’ ಅಂದಿದ್ದ.

ಪಂದ್ಯಕ್ಕೆ ಮುಂಚೆ ಪಕ್ಕುಗಳನ್ನು ಫ್ರೀಜರಿನಲ್ಲಿಡಬೇಕು,
ಇಲ್ಲವಾದರೆ ಪುಟಿಯುತ್ತವೆ.
ಅದೇ ಫ್ರೀಜರಿನಲ್ಲಿ ನನ್ನ ಶುಕ್ರವಾರದ ಮೀನು.
ಒಮ್ಮೆ ಯಾರ್ಕೊ ಪಕ್ಕು ಮೂಸಿ ನೋಡಿ
ಬೊಚ್ಚು ಬಾಯಲ್ಲಿ ನಕ್ಕೇ ನಕ್ಕ.
ದೋಣಿ ಕಾಯುತ್ತ ಕೂತ ನಮ್ಮೂರಿನ ಯಾವ ಮುದುಕನೂ ಆಗಬಹುದಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ:
ಸ್ಕೇಟಿನ ಅಲಗು ಚೂರಿಯ ಹಾಗಲ್ಲ.
ಅದಕ್ಕೆ ಎರಡು ಅಂಚು, ನಡುವೆ ಕೂದಲೆಳೆಯಷ್ಟು ಹಳ್ಳ.
ಹಳ್ಳ ಆಳವಾದರೆ ಐಸನ್ನು ಕಚ್ಚಿ ಹಿಡಿಯುತ್ತದೆ,
ಕಚ್ಚಿದಷ್ಟೂ ನೋವು ಮೇಲೆ, ಮಂಡಿಗೆ.
ಅವನಿಗೆ ನಾನು ಆ ಹಳ್ಳ
ತಿಂಗಳಿಂದ ತಿಂಗಳಿಗೆ ತುಸು ತೇಲಿಸುತ್ತ ಬಂದೆ.
ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೇ ಕೊನೆಗೆ ಕರಾರು ಮುಗಿಯಿತು.
ನನ್ನದು ಹೊಸತಾಯಿತು, ಅವನದಿಲ್ಲ.
ಆಫೀಸಿನಲ್ಲಿ ನಮ್ಮಿಬ್ಬರ ಕಾಗದಕ್ಕೂ
ಒಂದೇ ನೀಲಿ ಕ್ಲಿಪ್ಪು ಇತ್ತು.
ಕೊನೆಯ ಪಂದ್ಯಕ್ಕೆ ಅರವತ್ತು ಜನ,
ಅರ್ಧದಷ್ಟು ತಂಪಿಗೆ ಬಂದವರು.

ಮರುದಿನ ಸ್ಕೇಟು ತಂದು ಮೇಜಿನ ಮೇಲಿಟ್ಟ.
ಮೊಂಡು ಮಾಡಿಕೊಡು, ಅಂದ.
ವಿಮಾನಕ್ಕಾ ಅಂದೆ.
ಅಲ್ಲ, ಅಂದ. ಮುಂದೆ ಮಾತಿಲ್ಲ.

ಒಂಬತ್ತು ವರ್ಷದಲ್ಲಿ ಯಾರೂ ಕೇಳದ ಕೆಲಸ.
ಸಾಣೆ ಯಂತ್ರ ಆರಿಸಿ, ಕೈಕಲ್ಲು ಹುಡುಕಿ
ಅಂಚಿಗೆ ಅಡ್ಡಲಾಗಿ ಉಜ್ಜಿದೆ.
ಕಿಡಿಯಿಲ್ಲ. ಹಾಗಾಗಿ ಅವನ ಬಾಯೂ ಕಟ್ಟಿತ್ತು.
ಮೊದಲು ಒಳ ಅಂಚು ಹೋಯಿತು, ಆಮೇಲೆ ಹೊರ ಅಂಚು.
ಉಗುರು ಸವರಿ ನೋಡಿದ,
ಸಿಪ್ಪೆ ಏಳಲಿಲ್ಲ.
ನಡುವಿನ ಹಳ್ಳ ಮಾತ್ರ ಹಾಗೇ ಇತ್ತು,
ಅದನ್ನು ತೋರಿಸಲೋ ಬೇಡವೋ ಅಂತ
ಯೋಚಿಸುತ್ತಿರುವಾಗಲೇ ಕೈಕುಲುಕಿ ಹೊರಟ.
ಗಾಜಿನ ಬಾಗಿಲು ತೆರೆದಾಗ ಒಳನುಗ್ಗಿದ ಬಿಸಿಗೆ
ನನ್ನ ಕನ್ನಡಕಕ್ಕೂ ಕಾಣದಾಯಿತು.

ಕಬ್ಬಿಣದ ಹುಡಿ ಗುಡಿಸಿದೆ.
ಮುಂದಿನ ಜೋಡಿ: ಮೈಥಾ, ಆರು ವರ್ಷ, ಗುಲಾಬಿ ಲೇಸು.
ಚೀಟಿಯಲ್ಲಿ ಅವಳಮ್ಮ ಬರೆದಿದ್ದಾಳೆ,
ತುಂಬಾ ಜಾರುತ್ತಾಳೆ, ಸ್ವಲ್ಪ ಕಚ್ಚುವಂತೆ ಮಾಡಿ.